ಆಟ ಕಟ್ಟುವ ಆಟ

'ಜಾಮ್' ಎಂಬ ಮಾತು ಕಿವಿಗೆ ಬಿದ್ದರೆ ನಮ್ಮ ಮದ್ದೂರಿನವರಿಗೆ ಮೊದಲು ನೆನಪಾಗುವುದು ರಸ್ತೆ. ಬೆಂಗಳೂರು–ಮೈಸೂರು ಹೆದ್ದಾರಿ ಊರ ನಡುವೆಯೇ ಹಾದುಹೋಗುತ್ತಿದ್ದ ಕಾಲದಲ್ಲಿ, ರಜೆಯ ದಿನ ಸಂಜೆಯಾದರೆ ವಾಹನಗಳು ಒಂದರ ಬೆನ್ನಿಗೊಂದು ಅಂಟಿಕೊಂಡು ನಿಲ್ಲುತ್ತಿದ್ದವು. ಕಿಟಕಿಯ ಬಳಿ ಮದ್ದೂರು ವಡೆ ಮಾರುವವರಿಗೆ ಅದೇ ಸುಗ್ಗಿ. ೨೦೨೩ರ ಮಾರ್ಚ್ ತಿಂಗಳಲ್ಲಿ ಹೊಸ ರಸ್ತೆ ಊರಾಚೆಯಿಂದ ಹಾದು ಉದ್ಘಾಟನೆಯಾದ ಮೇಲೆ ಆ ಜಾಮಿನ ವೈಭವ ತಗ್ಗಿತು. ಎರಡನೆಯ ಜಾಮ್ ಬ್ರೆಡ್ಡಿಗೆ ಸವರಿಕೊಳ್ಳುವುದು. ಅದನ್ನು ಮಕ್ಕಳಿರುವ ಮನೆಗಳಿಗೆ ನಾನು ಪರಿಚಯ ಮಾಡಿಕೊಡಬೇಕಾಗಿಲ್ಲ.

ಮೂರನೆಯ ಜಾಮ್ ಒಂದುಂಟೆಂದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ. ಅದಕ್ಕೆ 'ಗೇಮ್ ಜಾಮ್' ಎಂದು ಹೆಸರು. ನಾಲ್ಕಾರು ಜನ ಒಟ್ಟಿಗೆ ಕುಳಿತು, ಅಲ್ಲೇ ಕೊಟ್ಟ ಒಂದು ವಸ್ತುವನ್ನು ಹಿಡಿದು, ಗೊತ್ತುಮಾಡಿದ ಗಂಟೆಗಳೊಳಗೆ ಒಂದು ಹೊಸ ಆಟವನ್ನು ಕಟ್ಟಿ ನಿಲ್ಲಿಸುವುದು. ಕಟ್ಟಿದ್ದನ್ನು ಬಂದವರಿಗೆಲ್ಲ ಪುಕ್ಕಟೆಯಾಗಿ ಆಡಲು ಕೊಡುವುದು. ಇಷ್ಟೇ ಅದರ ಸಾರಾಂಶ. ಹಳಗನ್ನಡ ಪದ್ಯಗಳಿಗೆ ಅನ್ವಯ ಹೇಳಿಕೊಂಡಿರಬೇಕಾದ ಪಂಡಿತನಿಗೆ ಇದರ ಗೊಡವೆ ಏಕೆ ಎಂದು ತಾವು ಕೇಳಬಹುದು. ಕೇಳುವುದು ನ್ಯಾಯವೇ. ಈ ಗೊಡವೆಗೆ ನಾನು ಬಿದ್ದದ್ದು ನಾನೇ ಮಾಡಿದ ಒಂದು ತಪ್ಪಿನಿಂದ. ಮೊದಲು ಅದನ್ನು ಹೇಳಿ ಮನಸ್ಸು ಹಗುರ ಮಾಡಿಕೊಳ್ಳುತ್ತೇನೆ.

ಒಂದು ಮಧ್ಯಾಹ್ನ ಒಂಬತ್ತನೆಯ ತರಗತಿಯಲ್ಲಿ ಸಂಧಿ ಪ್ರಕರಣ ನಡೆಯುತ್ತಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ತಲೆ ಬಗ್ಗಿಸಿಕೊಂಡು ಏನನ್ನೋ ಗೀಚುತ್ತಿದ್ದ. ಹೋಗಿ ನೋಡಿದೆ. ಹಾಳೆಯ ತುಂಬ ಐದಕ್ಕೈದು ಮನೆಗಳ ಚೌಕ, ಮನೆಗಳಲ್ಲಿ ಅಂಕಿಗಳು, ಅಂಕಿಗಳ ಪಕ್ಕದಲ್ಲಿ 'ಲೋ', 'ಆ', 'ದೇ' ಎಂಬ ಒಂಟಿ ಅಕ್ಷರಗಳು. ಆಗ ಊರಿನಲ್ಲೆಲ್ಲ ಮೊಬೈಲಿನ ಜೂಜಿನದೇ ಮಾತು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ, ಅಪ್ಪ ಕಬ್ಬು ಮಾರಿ ಕೂಡಿಟ್ಟ ಹಣವನ್ನು ಹಾಗೆಯೇ ಕಳೆದು ಊರು ಬಿಟ್ಟು ಹೋಗಿದ್ದ. ಅವನ ತಾಯಿ ನನ್ನ ಮುಂದೆ ಕುಳಿತು ಅತ್ತು ಇನ್ನೂ ವಾರವಾಗಿರಲಿಲ್ಲ. ಅಂಕಿ, ಅಕ್ಷರ, ಚೌಕ—ಇದು ಮಟ್ಕಾ ಲೆಕ್ಕವಲ್ಲದೆ ಮತ್ತೇನು? ಒಂದು ಮಾತನ್ನೂ ಕೇಳದೆ ಹಾಳೆಯನ್ನು ಎರಡು ಹೋಳಾಗಿ ಹರಿದೆ. ಮುಖ್ಯೋಪಾಧ್ಯಾಯರಿಗೆ ತೋರಿಸುವೆನೆಂದು ಹೋಳುಗಳನ್ನು ಪುಸ್ತಕದಲ್ಲಿಟ್ಟುಕೊಂಡೆ. ಹುಡುಗ ಅಳಲಿಲ್ಲ, ವಾದಿಸಲಿಲ್ಲ. ಅಂದಿನಿಂದ ತರಗತಿಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ.

ಆ ವಾರ ಮಳವಳ್ಳಿಯ ನನ್ನ ಅಕ್ಕನ ಮಗಳು ಮನೆಗೆ ಬಂದಳು. ಮಂಡ್ಯದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಹುಡುಗಿ. ನನ್ನ ಪುಸ್ತಕ ತಿರುವಿಹಾಕುತ್ತ ಆ ಹೋಳುಗಳನ್ನು ಜೋಡಿಸಿ ನೋಡಿ ನಗತೊಡಗಿದಳು.

"ಮಾವ, ಇದನ್ನ ಯಾಕೆ ಹರಿದಿರಿ? ಇದು ಮಟ್ಕಾ ಅಲ್ಲ, ನಿಮ್ಮ ಪಾಠವೇ! 'ಲೋ' ಅಂದರೆ ಲೋಪ, 'ಆ' ಅಂದರೆ ಆಗಮ, 'ದೇ' ಅಂದರೆ ಆದೇಶ."

ಕನ್ನಡಕ ಹಾಕಿಕೊಂಡು ನೋಡಿದೆ. ಹೌದು. ನಮ್ಮ ಚೌಕಾಬಾರದ ಮನೆಗಳೇ. ಲೋಪದ ಮನೆಗೆ ಬಂದ ಕಾಯಿ ಹೊರಗೆ ಬೀಳಬೇಕು, 'ಊರು–ಅಲ್ಲಿ' ಸೇರಿ 'ಊರಲ್ಲಿ' ಆಗುವಾಗ ಉಕಾರ ಬಿದ್ದುಹೋಗುವಂತೆ. ಆಗಮದ ಮನೆಯಲ್ಲಿ ಹೊಸದೊಂದು ಕಾಯಿ ಬಂದು ಸೇರಬೇಕು, 'ಮನೆಯಲ್ಲಿ' ಎಂಬಲ್ಲಿ ಯಕಾರ ಬಂದ ಹಾಗೆ. ಆದೇಶದ ಮನೆಯಲ್ಲಿ ಒಂದು ಕಾಯಿ ಹೋಗಿ ಅದರ ಸ್ಥಾನಕ್ಕೆ ಇನ್ನೊಂದು ನಿಲ್ಲಬೇಕು, 'ಮಳೆಗಾಲ'ದಲ್ಲಿ ಕಕಾರ ಹೋಗಿ ಗಕಾರ ನಿಂತ ಹಾಗೆ. ಇಪ್ಪತ್ತೈದು ವರ್ಷ ಪಾಠ ಹೇಳಿದ ನನಗೆ ಹೊಳೆಯದ ಉಪಾಯ ಹದಿನಾಲ್ಕು ವರ್ಷದ ಹುಡುಗನಿಗೆ ಹೊಳೆದಿತ್ತು. ನಾನು ಅದನ್ನು ಹರಿದುಹಾಕಿದ್ದೆ.

ಮರುದಿನ ತರಗತಿಯ ಎದುರಿನಲ್ಲಿಯೇ ಹುಡುಗನ ಕ್ಷಮೆ ಕೇಳಿದೆ. ಅವನು "ಪರವಾಗಿಲ್ಲ ಸಾರ್" ಎಂದ. ಆ 'ಪರವಾಗಿಲ್ಲ'ದಲ್ಲಿ ಹುರುಪೇನೂ ಇರಲಿಲ್ಲ. ಹೋದದ್ದನ್ನು ತರಲು ಕ್ಷಮೆ ಸಾಲದು ಎಂದು ನನಗೆ ಗೊತ್ತಾಯಿತು. ಹಾಗಾದರೆ ಏನು ಮಾಡಬೇಕು? ಅಕ್ಕನ ಮಗಳನ್ನು ಕೇಳಿದೆ. ಅವಳು, "ಮೊದಲು ನೀವು ನಾಲ್ಕು ಒಳ್ಳೆಯ ಆಟ ಆಡಿ ನೋಡಿ ಮಾವ; ಆಮೇಲೆ ಮಾತಾಡೋಣ" ಎಂದಳು.

ಹೀಗೆ ನನ್ನ ಹೊಸ ವಿದ್ಯಾಭ್ಯಾಸ ಪ್ರಾರಂಭವಾಯಿತು. ಮೊದಲನೆಯ ಪಾಠ 'ಪುಕ್ಕಟೆ' ಎಂಬ ಶಬ್ದದ ಅರ್ಥವಿಚಾರ. ಮೊಬೈಲಿನಲ್ಲಿ ಪುಕ್ಕಟೆ ಎಂದು ಬರುವ ಆಟಗಳಲ್ಲಿ ಬಹುಪಾಲು ಗಾಳಕ್ಕೆ ಚುಚ್ಚಿದ ಎರೆಹುಳು. ಒಳಗೆ ಹೋಗುವುದು ಸುಲಭ. ಹೋದ ಮೇಲೆ ಜಾಹೀರಾತು ನೋಡು, ಮುಂದಿನ ಮಜಲಿಗೆ ದುಡ್ಡು ಕಟ್ಟು, ಹೊಸ ಕತ್ತಿ ಕೊಂಡುಕೋ ಎಂದು ಹೆಜ್ಜೆಹೆಜ್ಜೆಗೂ ಸುಂಕದ ಕಟ್ಟೆ. ಹಣವನ್ನೇ ಪಣವಾಗಿಟ್ಟು ಆಡಿಸುವವು ಇದಕ್ಕಿಂತಲೂ ಘೋರ. ಆ ಜಾತಿಯವನ್ನು ನಿಷೇಧಿಸಿ ಪಾರ್ಲಿಮೆಂಟು ೨೦೨೫ರ ಆಗಸ್ಟಿನಲ್ಲಿ ಕಾಯಿದೆ ಮಾಡಿದ್ದನ್ನು ತಾವು ಬಲ್ಲಿರಿ.

ಇದಕ್ಕಿಂತ ಬೇರೆಯಾದ ಇನ್ನೊಂದು ಪುಕ್ಕಟೆಯಿದೆ. ಮಂಡ್ಯದ ಸೀಮೆಯವರಿಗೆ ಅದನ್ನು ಒಂದೇ ಮಾತಿನಲ್ಲಿ ಹೇಳಬಹುದು: ಆಲೆಮನೆಯ ಪುಕ್ಕಟೆ. ಕಬ್ಬು ಅರೆಯುವ ಹೊತ್ತಿಗೆ ದಾರಿಹೋಕ ಬಂದು ನಿಂತರೆ ಒಂದು ಲೋಟ ಕಬ್ಬಿನ ಹಾಲು, ಮಕ್ಕಳು ಬಂದರೆ ಅಂಗೈಯಗಲ ಬಿಸಿ ಬೆಲ್ಲ. ಕೊಡುವವನು ಗಾಳ ಹಾಕುತ್ತಿಲ್ಲ. ಮಾಡಿದ್ದನ್ನು ಇನ್ನೊಬ್ಬರು ಬಾಯಿ ಚಪ್ಪರಿಸುವುದನ್ನು ನೋಡುವುದು ಅವನಿಗೊಂದು ಖುಷಿ. ಒಬ್ಬರೋ ಇಬ್ಬರೋ ತಮ್ಮ ಸಂತೋಷಕ್ಕಾಗಿ, ದೊಡ್ಡ ಕಂಪನಿಗಳ ಹಂಗಿಲ್ಲದೆ ಮಾಡುವ ಆಟಗಳನ್ನು 'ಇಂಡೀ' ಆಟ ಎನ್ನುತ್ತಾರೆ. ಸ್ವತಂತ್ರ ಆಟಗಳು ಎನ್ನೋಣ. ಇವುಗಳಲ್ಲಿ ಮಾರಾಟಕ್ಕಿರುವವೂ ಇವೆ. ಆಲೆಮನೆಯ ಬೆಲ್ಲದಂತೆ ಸುಮ್ಮನೆ ಕೊಡುವವು ಸಾವಿರಾರು ಇವೆ. ಅವು ಸಿಕ್ಕುವ ದೊಡ್ಡ ಸಂತೆ 'ಇಚ್ ಡಾಟ್ ಐಓ' ಎಂಬ ತಾಣ. ಲೀಫ್ ಕಾರ್ಕೊರನ್ ಎಂಬ ಅಮೆರಿಕದ ತರುಣ ೨೦೧೩ರಲ್ಲಿ ಇದನ್ನು ತೆರೆದ. ಅಲ್ಲಿ ಬೆಲೆ ಕಟ್ಟುವವನು ಆಟ ಮಾಡಿದವನೇ. ಸೊನ್ನೆಯೆಂದೂ ಬರೆಯಬಹುದು, 'ನಿಮಗೆ ತೋರಿದಷ್ಟು ಕೊಡಿ' ಎಂದೂ ಬರೆಯಬಹುದು. ಮಾರಾಟವಾದರೆ ಸಂತೆಯವನಿಗೆ ಎಷ್ಟು ಪಾಲು ಎಂಬುದನ್ನೂ ಅವನೇ ಗೊತ್ತುಮಾಡುತ್ತಾನೆ.

ಅವಳು ನನಗೆ ಆಡಿಸಿದ ಆಟಗಳಲ್ಲಿ ಒಂದನ್ನು ಹೇಳದೆ ಮುಂದೆ ಹೋಗಲಾರೆ. ಅದರ ಹೆಸರು 'ಬಾಬಾ ಈಸ್ ಯೂ'. ಫಿನ್‌ಲೆಂಡಿನ ಆರ್ವಿ ಟೆಯ್ಕರಿ ಎಂಬುವನು ಮಾಡಿದ್ದು. ಬಾಬಾ ಎಂಬುದು ಮೊಲದಂಥ ಒಂದು ಬಿಳಿಯ ಪ್ರಾಣಿ. ಅದನ್ನು ನಡೆಸಿ ಬಾವುಟವನ್ನು ಮುಟ್ಟಿಸಬೇಕು. ಇದರಲ್ಲೇನು ವಿಶೇಷ? ಆಟದ ನಿಯಮಗಳೇ ಶಬ್ದಗಳಾಗಿ, ಕಲ್ಲಿನ ತುಂಡುಗಳಂತೆ ಅಂಗಳದಲ್ಲಿ ಬಿದ್ದಿರುತ್ತವೆ. 'ಗೋಡೆಯೆಂದರೆ ತಡೆ' ಎಂದು ಮೂರು ಶಬ್ದಗಳು ಸಾಲಾಗಿ ನಿಂತಿರುವವರೆಗೆ ಗೋಡೆ ತಡೆಯುತ್ತದೆ. ಒಂದು ಶಬ್ದವನ್ನು ಪಕ್ಕಕ್ಕೆ ತಳ್ಳಿ ವಾಕ್ಯವನ್ನು ಮುರಿದರೆ ಗೋಡೆಯೊಳಗಿಂದಲೇ ನಡೆದುಹೋಗಬಹುದು. 'ಬಂಡೆಯೆಂದರೆ ನೀನು' ಎಂದು ಜೋಡಿಸಿದರೆ ನೀವೇ ಬಂಡೆಯಾಗಿ ಉರುಳತೊಡಗುತ್ತೀರಿ. ಸೂತ್ರ ಬದಲಾದರೆ ಲೋಕ ಬದಲಾಗುತ್ತದೆ! ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಓದಿ, ಸೂತ್ರ, ಅಪವಾದ ಎಂದು ತಲೆ ತುಂಬಿಕೊಂಡವನಿಗೆ ಇದಕ್ಕಿಂತ ರುಚಿಯಾದ ಆಟ ಬೇಕೆ? ಆ ರಾತ್ರಿ ನಾನು ಊಟಕ್ಕೆ ಎದ್ದದ್ದು ಮನೆಯವಳು ಮೂರು ಸಲ ಕರೆದ ಮೇಲೆ.

ಈ ಆಟ ಮೊದಲು ಹುಟ್ಟಿದ್ದು ಒಂದು ಜಾಮಿನಲ್ಲಿಯೇ. ೨೦೧೭ರಲ್ಲಿ ಕೋಪನ್‌ಹೇಗನ್ನಿನ 'ನಾರ್ಡಿಕ್ ಗೇಮ್ ಜಾಮ್'ನಲ್ಲಿ 'ಅಲ್ಲಿಲ್ಲ' ಎಂಬ ವಸ್ತು ಕೊಟ್ಟಿದ್ದರು. 'ಅಲ್ಲ', 'ಇಲ್ಲ' ಎಂಬ ನಿಷೇಧಾರ್ಥಕ ಶಬ್ದವನ್ನೇ ಅಂಗಳದಲ್ಲಿಟ್ಟು ತಳ್ಳಿದರೆ ಹೇಗೆ ಎಂದು ಟೆಯ್ಕರಿಗೆ ತೋರಿತು. ವಾರಾಂತ್ಯದೊಳಗೆ ಆಟವಾಯಿತು. ಅದು ಬೆಳೆದು ೨೦೧೯ರ ಮಾರ್ಚಿನಲ್ಲಿ ಮಾರಾಟಕ್ಕೆ ಬಂತು. 'ಸೆಲೆಸ್ಟ್' ಎಂಬ ಬೆಟ್ಟವೇರುವ ಆಟದ ಕಥೆಯೂ ಇದೇ. ೨೦೧೫ರಲ್ಲಿ ಇಬ್ಬರು ಗೆಳೆಯರು ನಾಲ್ಕು ದಿನದಲ್ಲಿ ಮಾಡಿದ್ದು, ೨೦೧೮ರಲ್ಲಿ ದೊಡ್ಡ ಆಟವಾಗಿ ಲೋಕಪ್ರಸಿದ್ಧಿ ಪಡೆಯಿತು. ನಾಲ್ಕು ದಿನದ ಆ ಮೊದಲ ಆಟವನ್ನು ಇಂದಿಗೂ ಪುಕ್ಕಟೆಯಾಗಿ ಆಡಬಹುದು.

ಇನ್ನು ಜಾಮಿನ ವಂಶಾವಳಿ. ಸಂಗೀತಗಾರರು ಮೊದಲೇ ಗೊತ್ತುಮಾಡಿಕೊಳ್ಳದೆ ಒಟ್ಟಿಗೆ ಕುಳಿತು ನುಡಿಸುವುದಕ್ಕೆ ಇಂಗ್ಲಿಷಿನವರು ಜಾಮ್ ಎನ್ನುತ್ತಾರೆ. ಹೆಸರು ಅಲ್ಲಿಂದ ಬಂದದ್ದು. ಹಳೆಯ ಜಾಮುಗಳಲ್ಲಿ ಒಂದು ೨೦೦೨ರಲ್ಲಿ ಪ್ರಾರಂಭವಾದ 'ಲೂಡುಮ್ ದಾರೆ'. ಹೆಸರು ಲ್ಯಾಟಿನ್. 'ಲೂಡುಮ್' ಎಂದರೆ ಆಟವನ್ನು, 'ದಾರೆ' ಎಂದರೆ ಕೊಡುವುದು. ಈ 'ದಾರೆ'ಯೂ ನಮ್ಮ ಸಂಸ್ಕೃತದ 'ದಾ' ಧಾತುವೂ ಒಂದೇ ಬೇರಿನವು. ಅಂದರೆ ಇದು ಆಟದ ದಾನ! ಅಲ್ಲಿ ಒಬ್ಬನೇ ಕುಳಿತು ಮಾಡುವುದಾದರೆ ೪೮ ಗಂಟೆ, ಗುಂಪಾಗಿ ಮಾಡುವುದಾದರೆ ೭೨ ಗಂಟೆ. ಗಡುವು ಮುಗಿದ ಮೇಲೆ ಮಾಡಿದವರೇ ಒಬ್ಬರ ಆಟವನ್ನೊಬ್ಬರು ಆಡಿ ಅಭಿಪ್ರಾಯ ಬರೆಯುತ್ತಾರೆ. ನಾಟಿಯ ಕಾಲದಲ್ಲಿ ನನ್ನ ಗದ್ದೆಗೆ ನೀನು, ನಿನ್ನ ಗದ್ದೆಗೆ ನಾನು ಎಂದು ಹೋಗುವ ಮುಯ್ಯಾಳಿನ ಪದ್ಧತಿಯೇ ಇದು.

ಇನ್ನೊಂದು 'ಗ್ಲೋಬಲ್ ಗೇಮ್ ಜಾಮ್'. ೨೦೦೯ರ ಜನವರಿಯಲ್ಲಿ ಮೊದಲು ನಡೆದದ್ದು; ನಮ್ಮ ಬೆಂಗಳೂರೂ ಸೇರಿದಂತೆ ಲೋಕದ ನಾನಾ ಊರುಗಳಲ್ಲಿ ಜನ ಕೂಡುತ್ತ ಬಂದಿದ್ದಾರೆ. ಎಲ್ಲರಿಗೂ ಒಂದೇ ವಸ್ತು. ೨೦೧೩ರಲ್ಲಿ ಕೊಟ್ಟದ್ದು ಮಾತೂ ಅಲ್ಲ, ಚಿತ್ರವೂ ಅಲ್ಲ. ಎದೆಬಡಿತದ ಸದ್ದು ಕೇಳಿಸಿ, ಇದರ ಮೇಲೆ ಆಟ ಕಟ್ಟಿ ಎಂದರು. ೨೦೧೯ರಲ್ಲಿ 'ಮನೆ ಎಂದರೆ ನಿಮಗೇನು' ಎಂದು ಕೇಳಿದರು. ೨೦೨೩ರಲ್ಲಿ 'ಬೇರು', ೨೦೨೪ರಲ್ಲಿ 'ನನ್ನನ್ನು ನಗಿಸು'. ಇಲ್ಲಿ ಗೆದ್ದವರು ಸೋತವರು ಎಂಬ ಪಟ್ಟಿಯಿಲ್ಲ.

ಇದನ್ನೆಲ್ಲ ಕೇಳುತ್ತಿದ್ದಾಗ ನನ್ನ ಮನಸ್ಸಿಗೆ ಬಂದದ್ದು ನಮ್ಮ ಅಷ್ಟಾವಧಾನ. ಪೃಚ್ಛಕನು ಒಂದು ಸಮಸ್ಯೆಯನ್ನು ಒಡ್ಡುತ್ತಾನೆ. ಅವಧಾನಿ ಅಲ್ಲೇ, ಆ ಕ್ಷಣದಲ್ಲೇ, ಛಂದಸ್ಸು ಕೆಡದಂತೆ ಪೂರಣ ಮಾಡಬೇಕು. ನಿಷೇಧಾಕ್ಷರಿಯಲ್ಲಂತೂ ಹೆಜ್ಜೆಹೆಜ್ಜೆಗೂ 'ಈ ಅಕ್ಷರ ಕೂಡದು' ಎಂಬ ತಡೆ. ತಡೆಯಿರುವುದರಿಂದಲೇ ಕವಿತ್ವ ಚಿಮ್ಮುತ್ತದೆ. ಹೊತ್ತು ಕಡಿಮೆ, ವಸ್ತು ಇನ್ನೊಬ್ಬರದು, ಕೈಯಲ್ಲಿರುವುದರಲ್ಲೇ ಮುಗಿಸಬೇಕು ಎಂದಾಗ ಮನಸ್ಸು ಸೋಮಾರಿತನವನ್ನು ಬಿಡುತ್ತದೆ. ಜಾಮಿನ ಸೊಗಸಿನ ಗುಟ್ಟೂ ಇದೇ.

ಆಟ ಕಟ್ಟುವುದು ನಮ್ಮ ಸೀಮೆಗೆ ಹೊಸದೂ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು—೧೭೯೪ರಿಂದ ೧೮೬೮ರವರೆಗೆ ಬಾಳಿದವರು—ಹೊಸಹೊಸ ಗಂಜೀಫಾ ಎಲೆಯಾಟಗಳನ್ನೂ ಮಣೆಯಾಟಗಳನ್ನೂ ಕಲ್ಪಿಸಿದವರು. ಅವರ 'ಶ್ರೀತತ್ತ್ವನಿಧಿ'ಯ ಕೊನೆಯ ಭಾಗವಾದ ಕೌತುಕನಿಧಿ ಇಂಥ ಆಟಗಳ ಭಂಡಾರ. ಚದುರಂಗದ ಕುದುರೆಯೊಂದನ್ನು ೬೪ ಮನೆಗಳಿಗೂ ಒಂದೊಂದೇ ಸಲ ನಡೆಸುವ ಬಗೆಗಳಲ್ಲಿಯೂ ಅವರಿಗೆ ಬಹಳ ಆಸಕ್ತಿ. ಅರಮನೆಯ ಮಾತು ಹಾಗಿರಲಿ. ಹಳ್ಳಿಯ ಜಗುಲಿಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಗೀಚಿದ ಚೌಕಾಬಾರ, ಹುಲಿ–ಕುರಿ ಆಟ, ಹದಿನಾಲ್ಕು ಗುಳಿಗಳ ಅಳಿಗುಳಿಮಣೆ—ಇವುಗಳ ಕರ್ತೃ ಯಾರು? ಯಾರೂ ಹಕ್ಕು ಸಾಧಿಸಲಿಲ್ಲ, ಯಾರೂ ಸುಂಕ ಕೇಳಲಿಲ್ಲ. ಎದುರಾಳಿಯ ಕಾಯಿಯನ್ನು ಹೊಡೆಯದೆ ಒಳಮನೆಗೆ ಹೋಗಕೂಡದು ಎಂದು ಒಂದು ಮನೆಯಲ್ಲಿ ನಿಯಮ. ಪಕ್ಕದ ಬೀದಿಯಲ್ಲಿ ಆ ನಿಯಮವಿಲ್ಲ. ಕವಡೆ ಸಿಗದಿದ್ದರೆ ಉಜ್ಜಿದ ಹುಣಿಸೆಬೀಜ ಸಾಕು. ಪ್ರತಿ ಮನೆಯೂ ಆಟವನ್ನು ಕೊಂಚ ತಿದ್ದಿ ಮುಂದಿನವರಿಗೆ ಕೊಟ್ಟಿತು. ನನ್ನ ಹುಡುಗ ಮಾಡಿದ್ದೂ ಅದನ್ನೇ. ನಾವು ಇಂದು ಮಕ್ಕಳಿಗೆ ಮೊಬೈಲು ಕೊಟ್ಟು ಆಡುವವರನ್ನಾಗಿ ಮಾತ್ರ ಉಳಿಸಿದ್ದೇವೆ. ತಿದ್ದುವ ಕೈಯನ್ನು ಕಟ್ಟಿಹಾಕಿದ್ದೇವೆ.

ದಸರಾ ರಜೆ ಬಂತು. "ನಮ್ಮ ಮನೆಯಲ್ಲೇ ಒಂದು ಜಾಮ್ ಮಾಡೋಣ, ಆ ಹುಡುಗನನ್ನೂ ಕರೆದುಕೊಂಡು ಬನ್ನಿ ಮಾವ" ಎಂದಳು ಅಕ್ಕನ ಮಗಳು. ಅವನ ತಂದೆಯನ್ನು ಕೇಳಿ ಒಪ್ಪಿಸಿ, ಶುಕ್ರವಾರ ಮಧ್ಯಾಹ್ನದ ಬಸ್ಸಿನಲ್ಲಿ ಇಬ್ಬರೂ ಮಳವಳ್ಳಿಗೆ ಹೋದೆವು. ದಾರಿಯುದ್ದಕ್ಕೂ ಅವನು ಆಡಿದ್ದು ನಾಲ್ಕೇ ಮಾತು. ಅಲ್ಲಿ ಅವಳ ಇಬ್ಬರು ಸಹಪಾಠಿಗಳು ಆಗಲೇ ಬಂದಿದ್ದರು. ಶುಕ್ರವಾರ ಸಂಜೆ ಆರರಿಂದ ಭಾನುವಾರ ಸಂಜೆ ಆರರವರೆಗೆ ಗಡುವು. ವಸ್ತು ಕೊಡುವ ಪೃಚ್ಛಕ ನಾನೇ. 'ಶರಚ್ಚಂದ್ರಿಕೆ' ಎಂಬ ಚೆಲುವಾದ ವಸ್ತುವನ್ನು ಯೋಚಿಸಿಕೊಂಡು ಹೋಗಿದ್ದೆ.

ಆರು ಗಂಟೆಗೆ ಸರಿಯಾಗಿ, ನಾನು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಭಾವ ಗದ್ದೆಯಿಂದ ಬಂದು ಹೆಗಲ ಟವಲು ಕೊಡವಿ, "ಇವತ್ತೂ ನೀರು ಬರ್ನಿಲ್ಲ" ಎಂದು ಜಗುಲಿಯ ಮೇಲೆ ಕುಳಿತರು. ಕನ್ನಂಬಾಡಿಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರು ಮಳವಳ್ಳಿಯ ಕೊನೆಯ ಭಾಗದ ಗದ್ದೆಗಳಿಗೆ ತಲಪುವುದು ಎಷ್ಟು ಪ್ರಯಾಸವೆಂಬುದನ್ನು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ನನ್ನ ಹುಡುಗನೇ ಬಾಯಿ ಬಿಟ್ಟ: "ಸಾರ್, ಅದೇ ವಸ್ತು ಆಗಬಹುದಾ?" ನನ್ನ ಶರಚ್ಚಂದ್ರಿಕೆ ಅಲ್ಲಿಗೆ ಅಸ್ತಮಿಸಿತು.

ಮೊದಲು ಅವರು ಕಂಪ್ಯೂಟರನ್ನು ಮುಟ್ಟಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲೆ ಬರೆದು, ಹುಣಿಸೆಬೀಜಗಳನ್ನೇ ನೀರು ಮಾಡಿಕೊಂಡು ಆಡಿ ನೋಡಿದರು. ಮೊದಲ ಯೋಜನೆಯಲ್ಲಿ ಹನ್ನೆರಡು ಊರು, ಮಳೆ, ಎತ್ತು, ಜಾತ್ರೆ ಎಲ್ಲವೂ ಇದ್ದವು. ರಾತ್ರಿ ಹತ್ತಕ್ಕೆ ಊರು ಆರಾಯಿತು. ಬೆಳಗಿನ ಹೊತ್ತಿಗೆ ಮೂರು ತೂಬು ಮಾತ್ರ ಉಳಿದವು: ತಲೆಯದು, ನಡುವಿನದು, ಕೊನೆಯದು. ಆಡುವವನು ನೀರುಗಂಟಿ. ಏರಿಯ ಮೇಲೆ ಓಡಾಡಿ ತೂಬುಗಳನ್ನು ಎತ್ತಬೇಕು, ಇಳಿಸಬೇಕು. ಒಂದು ತೂಬಿನಿಂದ ಇನ್ನೊಂದಕ್ಕೆ ಓಡುವಷ್ಟರಲ್ಲಿ ಹೊತ್ತು ಕಳೆಯುತ್ತದೆ, ನೀರೂ ಕಳೆಯುತ್ತದೆ. ಅರ್ಧ ಮಾತ್ರೆ ಉಳಿಸಿದರೆ ವೈಯಾಕರಣನಿಗೆ ಮಗ ಹುಟ್ಟಿದಷ್ಟು ಸಂತೋಷ ಎಂದು ಹಿರಿಯರು ಹಾಸ್ಯ ಮಾಡುತ್ತಿದ್ದರು. ಬೇಡದ್ದನ್ನು ತೆಗೆದಂತೆಲ್ಲ ಆ ಹುಡುಗರ ಮುಖದಲ್ಲಿ ಕಂಡದ್ದು ಅದೇ ಸಂತೋಷ.

ಆಟ ಕಟ್ಟಲು ಅವರು ಹಿಡಿದ ಸಾಧನ 'ಗೊಡೋ'. ಅರ್ಜೆಂಟೀನಾದ ಇಬ್ಬರು ಮಾಡಿ, ೨೦೧೪ರಲ್ಲಿ ಲೋಕಕ್ಕೆಲ್ಲ ಬಿಟ್ಟುಕೊಟ್ಟದ್ದು. ಅದಕ್ಕೂ ಕಾಸಿಲ್ಲ, ಅದರ ಒಳಗನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ಒಂದು ಹಳೆಯ ಯಂತ್ರದಲ್ಲಿ ಅದರ ಹಿಂದಿನ ಆವೃತ್ತಿಯಿತ್ತು. ಅದರಲ್ಲಿ ಕನ್ನಡ ಬರೆದರೆ ಒತ್ತಕ್ಷರಗಳು ಬೇರೆಯಾಗಿ, ಜಗಳವಾಡಿದ ಅಣ್ಣತಮ್ಮಂದಿರಂತೆ ದೂರ ನಿಂತವು. ೨೦೨೩ರ ಮಾರ್ಚಿನಲ್ಲಿ ಬಂದ ನಾಲ್ಕನೆಯ ಆವೃತ್ತಿಯನ್ನು ಹಾಕಿದ ಮೇಲೆ ಒತ್ತುಗಳು ತಮ್ಮ ತಮ್ಮ ಜಾಗಕ್ಕೆ ಬಂದವು. ಅದನ್ನು ಕಂಡು ನಾನು ಪಟ್ಟ ಸಂಭ್ರಮ ಅಲ್ಲಿ ಇನ್ನಾರಿಗೂ ಅರ್ಥವಾಗಲಿಲ್ಲ.

ಶನಿವಾರ ನಡುರಾತ್ರಿ ದೊಡ್ಡ ಅವಾಂತರವಾಯಿತು. ಲೆಕ್ಕದಲ್ಲಿ ಎಲ್ಲೋ ಒಂದು ಚಿಹ್ನೆ ತಿರುಗಿ, ನೀರು ಕೊನೆಯಿಂದ ತಲೆಗೆ ಏರತೊಡಗಿತು. ಅಕ್ಕ ಕಾಫಿ ತಂದವಳು ನೋಡಿ, "ಇದೇನ್ರೋ, ಮೋಟಾರ್ ಇಟ್ಟಿದ್ದೀರಾ?" ಎಂದಳು. ನಿದ್ದೆಗಣ್ಣಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಹುಡುಗನೂ ನಕ್ಕ. ತಿಂಗಳ ಮೇಲೆ ನಾನು ಕೇಳಿದ ಅವನ ಮೊದಲ ನಗೆ ಅದು.

ಮಾತುಗಳನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಸೋತಾಗ ತೆರೆಯ ಮೇಲೆ ಏನು ಬರಬೇಕು? 'ಜಲಾಭಾವದಿಂದ ಸಸ್ಯಕ್ಷಯವಾಯಿತು' ಎಂದು ಬರೆದುಕೊಟ್ಟೆ. ಹುಡುಗರು ಮುಖ ಮುಖ ನೋಡಿಕೊಂಡರು. ಬಾಗಿಲಲ್ಲಿ ನಿಂತಿದ್ದ ಭಾವ, "ಕೊನೆ ಗದ್ದೆ ಒಣಗ್ತು ಅಂತ ಹಾಕ್ರಪ್ಪ" ಎಂದರು. ಅದೇ ನಿಂತಿತು.

ಭಾನುವಾರ ಆರಕ್ಕೆ ಹತ್ತು ನಿಮಿಷವಿರುವಾಗ ಆಟ ಮುಗಿಯಿತು. ಬಣ್ಣ ಅಷ್ಟಕ್ಕಷ್ಟೆ, ನೀರುಗಂಟಿಯ ಕೈ ಒಂದು ಉದ್ದ, ಒಂದು ಗಿಡ್ಡ. ಇರಲಿ. ಮೊದಲು ಆಡಲು ಕೂರಿಸಿದ್ದು ಭಾವನನ್ನು. ಎರಡು ದಿನದಿಂದ 'ಓದೋ ಹುಡುಗರಿಗೆ ಇದೆಂಥ ಗ್ರಹಚಾರ' ಎಂದು ಗೊಣಗಿಕೊಂಡಿದ್ದವರು ಅವರೇ. ಮೊದಲನೆಯ ಆಟದಲ್ಲಿ ತಲೆಯ ತೂಬಿನವರು ಕೂಗುತ್ತಾರೆಂದು ಅದನ್ನು ಪೂರ್ತಿ ಎತ್ತಿದರು. ಕೊನೆಯ ಗದ್ದೆ ಒಣಗಿತು. ಎರಡನೆಯದರಲ್ಲಿ ಹಟ ಹಿಡಿದು ಕೊನೆಗೇ ನೀರು ಬಿಟ್ಟರು; ತಲೆಯೂ ನಡುವೂ ಒಣಗಿದವು. ನಾಲ್ಕು ಸಲ ಆಡಿದರು. ಆಮೇಲೆ ಕೀಲಿಮಣೆಯಿಂದ ಕೈ ತೆಗೆದು ಮೆಲ್ಲಗೆ, "ಇಷ್ಟ್ ವರ್ಷ ನೀರುಗಂಟೀನ ಬೈಕೊಂಡೇ ಬಂದೆ ಕಣಯ್ಯ. ಅವನ ಕಷ್ಟ ಅವನಿಗೇ ಗೊತ್ತು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಇನ್ನೊಂದ್ಸಲ ಹಾಕು ನೋಡಾನ" ಎಂದರು.

ಆ ಆಟದಿಂದ ನಾಲೆಯಲ್ಲಿ ಒಂದು ಬೊಗಸೆ ನೀರೂ ಹೆಚ್ಚಲಿಲ್ಲ. ಆದರೆ ನೂರು ಮಾತಿನಲ್ಲಿ ಹೇಳಲಾಗದ್ದನ್ನು ಇನ್ನೊಬ್ಬನ ಸ್ಥಾನದಲ್ಲಿ ನಿಲ್ಲಿಸಿ ತಿಳಿಸುವ ಶಕ್ತಿ ಆಟಕ್ಕಿದೆ ಎಂಬುದನ್ನು ನಾನು ಕಣ್ಣಾರೆ ಕಂಡೆ.

ಇನ್ನು ತಮ್ಮ ಮನೆಯ ಮಾತು. ಮುಂದಿನ ರಜೆಯಲ್ಲಿ ತಾವೂ ಇದನ್ನು ಮಾಡಿನೋಡಬಹುದು. ನಮ್ಮ ಎರಡು ದಿನದಿಂದ ನಾನು ಕಲಿತದ್ದು ಇಷ್ಟು. ಕಂಪ್ಯೂಟರ್ ಇಲ್ಲದಿದ್ದರೂ ಜಾಮ್ ನಡೆಯುತ್ತದೆ; ಸೀಮೆಸುಣ್ಣ, ಬೀಜ, ರಟ್ಟು ಸಾಕು. ವಸ್ತುವನ್ನು ಮನೆಯಿಂದಲೇ ಆರಿಸಿ: ಸಂತೆ, ಬಸ್ಸಿಗೆ ಕಾಯುವುದು, ಅಜ್ಜಿಯ ಅಡಿಗೆಮನೆ. ಒಂದೇ ದಿನವಾದರೂ ಸರಿಯೆ, ಗಡುವನ್ನು ಮಾತ್ರ ಸಡಿಲಿಸಬೇಡಿ. ಕಂಪ್ಯೂಟರ್ ಇದ್ದರೆ, ಕವಲೊಡೆಯುವ ಕಥೆಗಳನ್ನು ಬರೆಯುವುದಕ್ಕೆ 'ಟ್ವೈನ್' ಎಂಬ ಪುಕ್ಕಟೆ ಸಾಧನವಿದೆ. ಅದರಲ್ಲಿ ಕನ್ನಡದಲ್ಲಿಯೇ ಬರೆಯಬಹುದು, ಲೆಕ್ಕದ ಭಾಷೆ ಬಾರದಿದ್ದರೂ ಆದೀತು. ಚಿಕ್ಕ ಮಕ್ಕಳಿಗೆ 'ಸ್ಕ್ರ್ಯಾಚ್' ಇದೆ. ಪುಕ್ಕಟೆ ಆಟ ಹುಡುಕುವಾಗ ದೊಡ್ಡವರು ಪಕ್ಕದಲ್ಲಿರಿ. ಎಲ್ಲ ಆಟವೂ ಮಕ್ಕಳಿಗೆ ತಕ್ಕದ್ದಲ್ಲ. ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ನಿದ್ದೆಗೆಟ್ಟು ಮಾಡುವುದು ಕಾಲೇಜಿನವರಿಗೆ ಇರಲಿ. ನನ್ನ ಹುಡುಗನನ್ನು ನಾನು ಎರಡು ರಾತ್ರಿಯೂ ಹೊತ್ತಿಗೆ ಮಲಗಿಸಬೇಕಾಗಿತ್ತು, ಶನಿವಾರ ನನ್ನ ಆಜ್ಞೆ ನಡೆಯಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಮುಖ್ಯವಾಗಿ, ಮಕ್ಕಳು ಗೀಚಿದ ಹಾಳೆಯನ್ನು ಹರಿಯುವ ಮುಂಚೆ 'ಇದೇನಪ್ಪ?' ಎಂದು ಒಂದು ಮಾತು ಕೇಳಿ.

ರಜೆ ಮುಗಿದು ಶಾಲೆ ತೆರೆಯಿತು. ಹರಿದ ಹೋಳುಗಳನ್ನು ರಟ್ಟಿಗೆ ಅಂಟಿಸಿ ಹುಡುಗನಿಗೆ ಕೊಟ್ಟೆ. ಅವನು ಅದರ ಪಕ್ಕದಲ್ಲಿ ಹೊಸದೊಂದು ಚೌಕ ಬರೆದು, ನಿಯಮಗಳನ್ನು ತಿದ್ದಿ, ಶನಿವಾರದ ಕೊ‌ನೆಯ ಪೀರಿಯಡ್ಡಿನಲ್ಲಿ ನನ್ನನ್ನೇ ಮೊದಲು ಆಡಲು ಕೂರಿಸಿದ. ತರಗತಿಯೆಲ್ಲ ಸುತ್ತ ಮುತ್ತಿಕೊಂಡಿತು. ಕವಡೆ ಹಾಕಿದೆ, ಮೂರು ಬಿತ್ತು. ಕಾಯಿ ನಡೆದು ನಿಂತದ್ದು 'ಲೋ' ಮನೆಯಲ್ಲಿ.

"ಸಾರ್, ಲೋಪ!" ಎಂದು ಹುಡುಗ ಕೂಗಿ ನನ್ನ ಕಾಯಿಯನ್ನು ಎತ್ತಿ ಹೊರಗಿಟ್ಟ.

"ಹೌದಪ್ಪ, ಲೋಪ ನನ್ನದೇ" ಎಂದೆ. ಅವನು ನಗುತ್ತ ಕವಡೆಯನ್ನು ಮುಂದಿನವನ ಕೈಗೆ ಕೊಟ್ಟ.